ಕ್ಯಾಟಲಾಗಿನಲ್ಲಿ ಎಡಗೈ ಹುಡುಕಿದ್ದು

ಮಗಳು ಬಣ್ಣದ ಕಾಗದ ಕತ್ತರಿಸುತ್ತಾ ಕೂತಿದ್ದಳು. ಕಾಗದ ತುಂಡಾಗುತ್ತಲೇ ಇರಲಿಲ್ಲ. ಕತ್ತರಿಯ ಎರಡು ಅಲಗಿನ ನಡುವೆ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತಿತ್ತು. ಬಲಗೈಗೆಂದು ಮಾಡಿದ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಹಾಗೇ. ಅಲಗುಗಳು ಒಂದಕ್ಕೊಂದು ಒತ್ತಿಕೊಳ್ಳುವುದು ಬಿಟ್ಟು ದೂರ ಸರಿಯುತ್ತವೆ. ನನಗಿದು ಹಳೇ ಕಥೆ, ನಾನೂ ಎಡಚ.

"ಅಪ್ಪಾ, ನಾವಿಬ್ರೇ ಯಾಕೆ ಹೀಗೆ?" ಅಂದಳು.

ನಾವಿಬ್ಬರೇ ಅಲ್ಲ, 100 ಜನರಲ್ಲಿ ಸುಮಾರು 10 ಜನ ಎಡಗೈಯವರು ಅಂತ ಹೇಳಿದೆ. "ಸರಿ, ಅವರೆಲ್ಲ ಯಾಕೆ ಹಾಗೆ?" ಅಂತ ಮತ್ತೆ ಕೇಳಿದಳು. ಅಲ್ಲಿಗೆ ನನ್ನ ಸರಕು ಮುಗಿಯಿತು.

ನೆಟ್‌ನಲ್ಲಿ ನೋಡಿದೆ. ಎಡಚರು ಭಾರೀ ಬುದ್ಧಿವಂತರು ಅಂತ ಒಂದು ಕಡೆ, ಎಡಚರು ಬೇಗ ಸಾಯುತ್ತಾರೆ ಅಂತ ಇನ್ನೊಂದು ಕಡೆ. ಒಂಬತ್ತು ವರ್ಷದ ಹುಡುಗಿಗೆ ಇದನ್ನು ಓದಿ ಹೇಳುವುದು ಹೇಗೆ? ಶನಿವಾರ ಲೈಬ್ರರಿಗೆ ಹೋದೆ.

ನಾನು ಲೈಬ್ರರಿಗೆ ಹೊಸಬನಲ್ಲ. ಆದರೆ ಅಲ್ಲಿಗೆ ಹೋಗುವುದು ಯಾವುದೋ ಒಂದು ಪುಸ್ತಕದ ಹೆಸರು ಹಿಡಿದುಕೊಂಡು. ಇಲ್ಲವೇ ಸುಮ್ನೆ ಕಾದಂಬರಿಗಳ ಕಪಾಟಿನ ಮುಂದೆ ನಿಲ್ಲುವುದಕ್ಕೆ. ಪುಸ್ತಕದ ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ, ವಿಷಯ ಮಾತ್ರ ಗೊತ್ತು ಅನ್ನುವ ಸ್ಥಿತಿಯಲ್ಲಿ ಕ್ಯಾಟಲಾಗ್ ಕಂಪ್ಯೂಟರಿನ ಮುಂದೆ ಕೂತಿದ್ದು ಅದೇ ಮೊದಲು.

ಪರದೆಯ ಮೇಲೆ ಒಂದು ಹುಡುಕುವ ಪಟ್ಟಿ, ಅದರ ಪಕ್ಕದಲ್ಲಿ ಬಾಣದ ಗುರುತು. ಗುರುತು ಒತ್ತಿದರೆ ಕೀವರ್ಡ್, ಶೀರ್ಷಿಕೆ, ಲೇಖಕ, ವಿಷಯ ಅಂತ ಇಳಿಯುತ್ತದೆ. ನಾನು ಅದನ್ನು ಮುಟ್ಟಲಿಲ್ಲ. ಕೀವರ್ಡ್ ಅಂತಲೇ ಇತ್ತು, ಇರಲಿ ಅಂತ ಬಿಟ್ಟು ಇಂಗ್ಲಿಷಿನಲ್ಲಿ 'ಲೆಫ್ಟ್' ಅಂತ ಹಾಕಿದೆ. ನಾನೂರಕ್ಕೂ ಜಾಸ್ತಿ ಪುಸ್ತಕ ಬಂದವು. ಖುಷಿಯಾಯಿತು, ಪಟ್ಟಿ ಓದುವ ತನಕ. ಮೊದಲನೆಯದು ಎಡಪಂಥೀಯ ರಾಜಕೀಯದ ಚರಿತ್ರೆ. ಎರಡನೆಯದೂ ಅದೇ. ಮೂರನೆಯದು ಎಡಪಂಥದ ಸೋಲಿನ ವಿಶ್ಲೇಷಣೆ. ಐದನೆಯದು ಯುದ್ಧವಾದ ಮೇಲೆ ಊರಿನಲ್ಲಿ ಉಳಿದವರ ಕಥೆ. ಇಂಗ್ಲಿಷಿನಲ್ಲಿ ಉಳಿದದ್ದಕ್ಕೂ ಬಿಟ್ಟುಹೋದದ್ದಕ್ಕೂ ಇದೇ ಪದ ಅಲ್ವಾ. ಅದರ ಕೆಳಗೆ ಹೃದಯದ ಎಡಭಾಗದ ಕಾಯಿಲೆಗಳ ಬಗ್ಗೆ ದಪ್ಪನೆಯ ವೈದ್ಯಕೀಯ ಗ್ರಂಥ. ಕೀವರ್ಡ್ ಹುಡುಕಾಟಕ್ಕೆ ಅರ್ಥದ ಗೊಡವೆ ಇಲ್ಲ. ಪುಸ್ತಕದ ದಾಖಲೆಯಲ್ಲಿ ಎಲ್ಲೇ ಆಗಲಿ, ಹೆಸರಿನಲ್ಲೋ ಟಿಪ್ಪಣಿಯಲ್ಲೋ, ಆ ಅಕ್ಷರಗಳು ಕಂಡರೆ ಸಾಕು, ಎಳೆದು ತಂದು ಹಾಕುತ್ತದೆ.

ಆಗ ಬಾಣ ಒತ್ತಿ 'ವಿಷಯ' ಆರಿಸಿದೆ. ಈ ಸಲ ಜಾಣತನದಿಂದ 'ಲೆಫ್ಟ್ ಹ್ಯಾಂಡೆಡ್ ಪೀಪಲ್' ಅಂತ ಪೂರ್ತಿ ಟೈಪ್ ಮಾಡಿದೆ. ಸೊನ್ನೆ. 'ಲೆಫ್ಟ್ ಹ್ಯಾಂಡರ್ಸ್' ಹಾಕಿದೆ. ಸೊನ್ನೆ. 'ಲೆಫ್ಟ್ ಹ್ಯಾಂಡೆಡ್‌ನೆಸ್' ಹಾಕಿದೆ. ಅದಕ್ಕೂ ಸೊನ್ನೆ.

ಒಂದು ಕಡೆ ನಾನೂರು, ಇನ್ನೊಂದು ಕಡೆ ಸೊನ್ನೆ. ಇಲ್ಲಿ ಇಲ್ಲವೇ ಇಲ್ಲ ಅಂತ ತೀರ್ಮಾನಿಸಿ ಎದ್ದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಎಷ್ಟು ಜನ ಹೀಗೇ ಎದ್ದು ಹೋಗಿರಬಹುದು!

ಕೌಂಟರಿನಲ್ಲಿದ್ದ ಲೈಬ್ರರಿಯನ್ ತಲೆ ಎತ್ತಿದರು. "ಏನು ಸರ್, ಸಿಗ್ಲಿಲ್ವಾ?"

"ಇಲ್ಲ ಮೇಡಂ. ಎಡಗೈಯವರ ಬಗ್ಗೆ ನಿಮ್ಮಲ್ಲಿ ಒಂದೂ ಪುಸ್ತಕ ಇಲ್ಲ."

"ಇದೆಯಲ್ಲ! ಮೊನ್ನೆ ನಾನೇ ಒಂದನ್ನ ಕಪಾಟಿಗೆ ಇಟ್ಟಿದ್ದೀನಿ. ಏನಂತ ಹಾಕಿದ್ರಿ?"

ಹೇಳಿದೆ. ಅವರು ನಕ್ಕು, ನನ್ನ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತರು. "ವಿಷಯದ ಹುಡುಕಾಟದಲ್ಲಿ ನಿಮ್ಮ ಮಾತು ನಡೆಯಲ್ಲ ಸರ್. ಅದರ ಮಾತೇ ನಡೆಯೋದು. ಅದರ ಮಾತು ಯಾವುದು ಅಂತ ಮೊದಲು ಕಂಡುಹಿಡೀಬೇಕು."

"ಹೇಗೆ?"

"ಒಂದೇ ಒಂದು ಸರಿಯಾದ ಪುಸ್ತಕ ಹಿಡೀರಿ. ಮಿಕ್ಕಿದ್ದನ್ನ ಅದೇ ಹೇಳುತ್ತೆ."

ಅವರು ವಿಷಯದ ಪಟ್ಟಿ ಬಿಟ್ಟು ಶೀರ್ಷಿಕೆಗೆ ಹೋದರು. 'ಲೆಫ್ಟ್ ಹ್ಯಾಂಡ್' ಅಂತ ಬರೆದು, ಕೊನೆಗೆ ಜಾಗ ಬಿಡದೆ ಒಂದು ನಕ್ಷತ್ರ ಚಿಹ್ನೆ ಹಾಕಿದರು. ಆ ಚಿಹ್ನೆ ಇದ್ದರೆ ಹ್ಯಾಂಡ್, ಹ್ಯಾಂಡೆಡ್, ಹ್ಯಾಂಡರ್ ಎಲ್ಲವನ್ನೂ ಸೇರಿಸಿ ಹುಡುಕುತ್ತದಂತೆ. ನಾಲ್ಕು ಪುಸ್ತಕ ಬಂದವು. ಒಂದು ಪತ್ತೇದಾರಿ ಕಾದಂಬರಿ, ಒಂದು ಎಡಗೈಯಲ್ಲಿ ಗಿಟಾರ್ ನುಡಿಸುವುದನ್ನು ಕಲಿಸುವ ಪುಸ್ತಕ, ಒಂದು ಕವನ ಸಂಕಲನ. ನಾಲ್ಕನೆಯದು ಮಾತ್ರ ಎಡಗೈ ಮತ್ತು ಮಿದುಳಿನ ಬಗ್ಗೆ. ಅದನ್ನು ಒತ್ತಿದರು. ಹೆಸರು, ಲೇಖಕ, ಪುಟ ಎಲ್ಲ ಬಂತು. ನಾನಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಕಪಾಟಿನ ನಂಬರ್ ಬರೆದುಕೊಳ್ಳುತ್ತಿದ್ದೆ. ಅವರು ಕೆಳಗೆ ಕೆಳಗೆ ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ನೋಡಿ, ಇದು ಅದರ ಮಾತು."

'ಲೆಫ್ಟ್- ಆ್ಯಂಡ್ ರೈಟ್-ಹ್ಯಾಂಡೆಡ್‌ನೆಸ್.'

ಎಡಗೈ, ಬಲಗೈ ಎರಡೂ ಸೇರಿ ಒಂದೇ ವಿಷಯ! ನಾನು ಜನ್ಮದಲ್ಲಿ ಊಹಿಸುತ್ತಿರಲಿಲ್ಲ. ಆ ಸಾಲು ನೀಲಿ ಬಣ್ಣದಲ್ಲಿತ್ತು, ಅಂದರೆ ಒತ್ತಬಹುದು. ಒತ್ತಿದೆ. ಹನ್ನೊಂದು ಪುಸ್ತಕ ಬಂದವು. ಅವುಗಳಲ್ಲಿ ಐದರ ಹೆಸರಿನಲ್ಲಿ ಎಡ ಅನ್ನುವ ಪದವೇ ಇರಲಿಲ್ಲ.

ಪುಸ್ತಕ ಸಿಕ್ಕಿತಲ್ಲ ಅಂತ ಎದ್ದು ಹೋಗಬಹುದಿತ್ತು. ಆದರೆ ಹತ್ತು ನಿಮಿಷದ ಹಿಂದೆ ಸೊನ್ನೆ ಅಂದದ್ದು ಇದೇ ಯಂತ್ರ. ಅದೇ ತಲೆಯಲ್ಲಿ ಕೊರೆಯುತ್ತಿತ್ತು. 'ಲೆಫ್ಟ್ ಹ್ಯಾಂಡೆಡ್‌ನೆಸ್' ಅಂದರೂ ಅದಕ್ಕೆ ಯಾಕೆ ತಿಳಿಯಲಿಲ್ಲ ಅಂತ ಕೇಳಿದೆ. ಮೇಡಂ ದಾಖಲೆಯ ಇನ್ನೊಂದು ಮುಖ ತೋರಿಸಿದರು. 'ಮಾರ್ಕ್' ಅಂತ ಒಂದು ಟ್ಯಾಬ್ ಇದೆ, ಅದನ್ನು ಒತ್ತಿದರೆ ಪುಸ್ತಕದ ಎಲುಬುಗೂಡು ಕಾಣುತ್ತದೆ. ಸಾಲು ಸಾಲಾಗಿ ಸಂಖ್ಯೆಗಳು. 100 ಎದುರಿಗೆ ಲೇಖಕ, 245 ಎದುರಿಗೆ ಶೀರ್ಷಿಕೆ, 082 ಎದುರಿಗೆ ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಡ್ಯೂಯಿ ನಂಬರ್, 650 ಎದುರಿಗೆ ವಿಷಯ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ಎಂಬ ಪ್ರೋಗ್ರಾಮರ್ ಮುಂದೆ ನಿಂತು ಮಾಡಿಸಿದ ವ್ಯವಸ್ಥೆ ಇದು. ನಾನು 'ವಿಷಯ' ಆರಿಸಿದಾಗ ಯಂತ್ರ 650ರಂಥ ಸಾಲುಗಳಲ್ಲಿ ಮಾತ್ರ ನೋಡುತ್ತದೆ. ಅಲ್ಲಿರುವುದು ನನ್ನ ನಿಮ್ಮ ಮಾತಲ್ಲ, ಒಂದು ಪಟ್ಟಿಯಿಂದ ಆರಿಸಿ ಹಾಕಿದ ಮಾತು. ಅದೂ ಲೈಬ್ರರಿ ಆಫ್ ಕಾಂಗ್ರೆಸ್‌ನದೇ ಪಟ್ಟಿ. 1898ರಲ್ಲಿ ಶುರುವಾದದ್ದು ಇಂದಿಗೂ ಬೆಳೆಯುತ್ತಲೇ ಇದೆ. ಸಣ್ಣ ಲೈಬ್ರರಿಗಳಿಗೆಂದು 1923ರಲ್ಲಿ ಮಿನ್ನೀ ಸಿಯರ್ಸ್ ಮಾಡಿದ ಚಿಕ್ಕ ಪಟ್ಟಿಯೂ ಇದೆ.

ಒಂದು ವಿಷಯಕ್ಕೆ ಒಂದೇ ಹೆಸರು ಅನ್ನುವುದು ಈ ಪಟ್ಟಿಯ ಕಟ್ಟುನಿಟ್ಟು. ಕನ್ನಡದಲ್ಲೇ ನೋಡಿ. ಎಡಚ ಅನ್ನುತ್ತೇವೆ, ಎಡಗೈಯವ ಅನ್ನುತ್ತೇವೆ, ರೊಡ್ಡ ಅನ್ನುವವರೂ ಇದ್ದಾರೆ. ಒಂದೊಂದು ಪುಸ್ತಕಕ್ಕೆ ಒಂದೊಂದು ಹೆಸರು ಕೊಡುತ್ತಾ ಹೋದರೆ ಒಂದೇ ವಿಷಯದ ಪುಸ್ತಕಗಳು ಮೂರು ದಿಕ್ಕಿಗೆ ಹಂಚಿಹೋಗುತ್ತವೆ. ಅದಕ್ಕೇ ಒಂದನ್ನು ಆರಿಸಿ, ಮಿಕ್ಕ ಹೆಸರುಗಳ ಎದುರು 'ಅಲ್ಲಿ ನೋಡಿ' ಅಂತ ಕೈ ತೋರಿಸಬೇಕು.

"ಹಾಗಾದ್ರೆ ಇದು ನನಗೆ ಕೈ ತೋರಿಸಬೇಕಿತ್ತಲ್ಲ ಮೇಡಂ?"

"ತೋರಿಸಬೇಕಿತ್ತು. ಆ 'ಅಲ್ಲಿ ನೋಡಿ' ಪಟ್ಟಿಯನ್ನ ಬೇರೆಯಾಗಿ ತುಂಬಿಸಬೇಕು ಸರ್. ನಮ್ಮ ಕ್ಯಾಟಲಾಗಿನಲ್ಲಿ ತುಂಬಿಸಿಲ್ಲ." ಸ್ವಲ್ಪ ಸಂಕೋಚದಿಂದಲೇ ಅಂದರು.

ಮೂಲೆಯಲ್ಲಿ ಹಳೆಯ ಕಾರ್ಡ್ ಕಪಾಟು ಇನ್ನೂ ಇತ್ತು. ಈಗ ಅದರ ಮೇಲೆ ಹೂದಾನಿ ಇಟ್ಟಿದ್ದಾರೆ. ಮೇಡಂ ಒಂದು ಡ್ರಾಯರ್ ಎಳೆದರು. ಏಳೂವರೆ ಸೆಂಟಿಮೀಟರ್ ಎತ್ತರ, ಹನ್ನೆರಡೂವರೆ ಅಗಲದ ಕಾರ್ಡುಗಳು. ಕೆಳಗಿನ ತೂತಿನಲ್ಲಿ ಉದ್ದನೆಯ ಕಬ್ಬಿಣದ ಸರಳು ತೂರಿಸಿದೆ, ಯಾರೂ ಕಿತ್ತುಕೊಂಡು ಹೋಗಬಾರದು ಅಂತ. ಅಂಚುಗಳು ಬೆರಳಿನ ಕೊಳೆಗೆ ಕಪ್ಪಾಗಿದ್ದವು. ಅಲ್ಲಿ 'ಲೆಫ್ಟ್-ಹ್ಯಾಂಡೆಡ್‌ನೆಸ್' ಅಂತ ಒಂದು ಕಾರ್ಡ್ ಇತ್ತು. ಅದರಲ್ಲಿ ಯಾವ ಪುಸ್ತಕವೂ ಇಲ್ಲ, ಇಂಥ ಕಡೆ ನೋಡಿ ಅಂತ ಒಂದೇ ಸಾಲು. ಕಂಪ್ಯೂಟರ್ ಸೊನ್ನೆ ಅಂದ ಜಾಗದಲ್ಲಿ ಈ ಹಳೇ ಕಾರ್ಡ್ ದಾರಿ ಹೇಳುತ್ತಿತ್ತು.

ಪುಸ್ತಕದ ಕಾರ್ಡಿನಲ್ಲಿ ಇನ್ನೊಂದು ಚೆಂದದ ವಿಷಯ ನೋಡಿದೆ. ಕೆಳಗಿನ ಸಾಲಿನಲ್ಲಿ 1, 2 ಅಂತ ಮಾಮೂಲಿ ಅಂಕಿ ಹಾಕಿ ವಿಷಯಗಳನ್ನು ಬರೆದಿದ್ದರು. ಅದರ ಮುಂದೆ ರೋಮನ್ ಅಂಕಿ ಹಾಕಿ ಶೀರ್ಷಿಕೆ, ಸಹಲೇಖಕ ಇತ್ಯಾದಿ. ಈ ಪುಸ್ತಕಕ್ಕೆ ಇನ್ನೂ ಯಾವ್ಯಾವ ಕಾರ್ಡುಗಳು ಡ್ರಾಯರಿನಲ್ಲಿ ಇವೆ ಅನ್ನುವ ಲೆಕ್ಕ ಅದು. ಈಗ ನಾವು ಒತ್ತುವ ನೀಲಿ ಸಾಲಿನ ಮುತ್ತಜ್ಜಿ ಅನ್ನಬಹುದು.

ಮತ್ತೆ ಕಂಪ್ಯೂಟರಿಗೆ ಬಂದೆ. ಈಗ ನನಗೆ ಚಟ ಹಿಡಿದಿತ್ತು. ಹನ್ನೊಂದು ಪುಸ್ತಕಗಳ ದಾಖಲೆಯನ್ನೂ ಒಂದೊಂದಾಗಿ ತೆರೆದು ಬರೀ ವಿಷಯದ ಸಾಲುಗಳನ್ನು ಬರೆದುಕೊಂಡೆ. ಒಂದರಲ್ಲಿ 'ಲ್ಯಾಟರಾಲಿಟಿ' ಅಂತಲೂ ಇತ್ತು, ಎಂದರೆ ದೇಹ ಒಂದು ಬದಿಗೆ ಒಲಿಯುವುದು. ಇನ್ನೊಂದರಲ್ಲಿ 'ಸೆರೆಬ್ರಲ್ ಡಾಮಿನೆನ್ಸ್', ಮಿದುಳಿನ ಯಾವ ಅರ್ಧದ ಕೈ ಮೇಲು ಅನ್ನುವುದು. ಅವನ್ನು ಒತ್ತಿದರೆ ಇನ್ನಷ್ಟು ಪುಸ್ತಕ. ಮೂರನೆಯದೊಂದರಲ್ಲಿ ವಿಷಯದ ಮುಂದೆ ಎರಡು ಅಡ್ಡಗೆರೆ ಹಾಕಿ 'ಜುವೆನೈಲ್ ಲಿಟರೇಚರ್' ಅಂತ ಸೇರಿಸಿದ್ದರು. ಮಕ್ಕಳಿಗಾಗಿ ಬರೆದದ್ದು ಅಂತ ಅರ್ಥ. ನನಗೆ ಬೇಕಾಗಿದ್ದು ಅದೇ! ಆ ಬಾಲವನ್ನು ಮೊದಲೇ ಸೇರಿಸಿ ಹುಡುಕಬಹುದಿತ್ತು ಅಂತ ಆಮೇಲೆ ಹೊಳೆಯಿತು. ಇತಿಹಾಸ ಬೇಕಿದ್ದರೆ ಹಾಗೇ 'ಹಿಸ್ಟರಿ' ಬಾಲ.

ವೈದ್ಯಕೀಯ ಲೈಬ್ರರಿಗೆ ಹೋದರೆ ಈ ಹೆಸರೂ ನಡೆಯುವುದಿಲ್ಲವಂತೆ. ಅವರದು ಮೆಶ್ ಅಂತ 1960ರಲ್ಲಿ ಬಂದ ಬೇರೆಯೇ ಪಟ್ಟಿ, ಅಲ್ಲಿ ಇದಕ್ಕೆ 'ಫಂಕ್ಷನಲ್ ಲ್ಯಾಟರಾಲಿಟಿ' ಅನ್ನುತ್ತಾರೆ. ಮಗಳ ಕತ್ತರಿಯಿಂದ ಎಲ್ಲಿಗೆ ಬಂದೆವು ನೋಡಿ.

ಪಟ್ಟಿಯ ಮಾತುಗಳು ಹಳೆಯವೂ ಆಗಿರುತ್ತವೆ. ಅಡುಗೆಗೆ ಇಂಗ್ಲಿಷಿನವರು ಯಾವಾಗಲೋ ಕುಕಿಂಗ್ ಅನ್ನಲು ಶುರು ಮಾಡಿದರು. ಪಟ್ಟಿ ಮಾತ್ರ 2010ರವರೆಗೂ 'ಕುಕರಿ' ಅಂತಲೇ ಹಟ ಹಿಡಿದು ಕೂತಿತ್ತು. ರಾಜಕೀಯದ ಎಡಬಲಕ್ಕೆ ಅಲ್ಲಿ 'ರೈಟ್ ಆ್ಯಂಡ್ ಲೆಫ್ಟ್' ಅಂತ ಹೆಸರು, ಕೈಗಳ ಎಡಬಲಕ್ಕೆ 'ಲೆಫ್ಟ್- ಆ್ಯಂಡ್ ರೈಟ್-'. ರಾಜಕೀಯದಲ್ಲಿ ಬಲ ಮುಂದೆ, ಕೈಯಲ್ಲಿ ಎಡ ಮುಂದೆ. ಯಾಕೆ ಅಂತ ಕೇಳಬೇಡಿ. ಊಹಿಸಲು ಹೋಗಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಒಂದು ಪುಸ್ತಕ ಹಿಡಿದು ಅದರ ಬೆನ್ನು ಹತ್ತುವುದೇ ವಾಸಿ.

ಆಮೇಲೆ ಕಪಾಟುಗಳು. ಒಂದೇ ವಿಷಯ ಅಂದಮೇಲೆ ಹನ್ನೊಂದೂ ಒಂದೇ ಕಡೆ ಇರುತ್ತವೆ ಅಂದುಕೊಂಡಿದ್ದೆ. ಎಡಗೈ ಒಲವಿಗೆ ಡ್ಯೂಯಿ ಕೊಟ್ಟ ಜಾಗ 152.335, ಮನಶ್ಶಾಸ್ತ್ರದಲ್ಲಿ. ಅಲ್ಲಿ ಸಿಕ್ಕಿದ್ದು ಆರೇ ಪುಸ್ತಕ. ಮಿದುಳಿನ ಕೆಲಸದ ಕಡೆಯಿಂದ ನೋಡಿದ್ದು 612.82ರಲ್ಲಿತ್ತು. ಎಡಗೈ ಮಕ್ಕಳಿಗೆ ಬರವಣಿಗೆ ಕಲಿಸುವುದು ಪ್ರಾಥಮಿಕ ಶಿಕ್ಷಣದ 372.634ರಲ್ಲಿ, ಎಡಗೈಯಲ್ಲಿ ಸ್ವೆಟರ್ ಹೆಣೆಯುವುದು 746.432ರಲ್ಲಿ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಹಾಕಿದ ಲೆಕ್ಕವೇ ಹಾಗಿದೆ. ಪುಸ್ತಕ ಯಾವುದರ ಬಗ್ಗೆ ಅನ್ನುವುದಕ್ಕಿಂತ ಯಾವ ಶಾಸ್ತ್ರದ ಕಣ್ಣಿನಿಂದ ಅನ್ನುವುದು ಅಲ್ಲಿ ಮುಖ್ಯ. ಒಂದು ಪುಸ್ತಕವನ್ನು ಒಂದು ಕಡೆ ಮಾತ್ರ ಇಡಲು ಸಾಧ್ಯ, ಆದರೆ ವಿಷಯದ ಸಾಲು ಎಷ್ಟು ಬೇಕಾದರೂ ಬರೆಯಬಹುದು. ಬರೀ ಕಪಾಟಿನ ಮುಂದೆ ನಿಂತು ಹುಡುಕುವ ನನ್ನ ಹಳೇ ಅಭ್ಯಾಸದಲ್ಲಿ ಐದು ಪುಸ್ತಕ ಕೈತಪ್ಪುತ್ತಿದ್ದವು.

ಇಷ್ಟೆಲ್ಲ ಇಂಗ್ಲಿಷ್ ಪುಸ್ತಕಗಳ ಕಥೆ. ಮಗಳಿಗೆ ಕನ್ನಡದ್ದು ಬೇಕಿತ್ತು.

ವಿಷಯದಲ್ಲಿ ಕನ್ನಡ ಲಿಪಿಯಲ್ಲೇ 'ಎಡಗೈ' ಹಾಕಿದೆ. ಸೊನ್ನೆ. ಶೀರ್ಷಿಕೆಯಲ್ಲಿ ಹಾಕಿದೆ. ಸೊನ್ನೆ. ಈ ಸಲ ಏಳಲಿಲ್ಲ. ಹಳೆಯ ಕನ್ನಡ ಪುಸ್ತಕಗಳನ್ನು ರೋಮನ್ ಲಿಪಿಯಲ್ಲಿ ದಾಖಲಿಸಿರಬಹುದು ಅಂತ ಮೇಡಂ ಹೇಳಿದ್ದರು. ಇಂಗ್ಲಿಷಿನ 'ಇ' ಅಕ್ಷರದಿಂದ ಶುರುಮಾಡಿ ಎಡಗೈ ಅಂತ ಬರೆದೆ. ಇಲ್ಲ. ಕೊನೆಯ ಐ ಬದಲು 'ವೈ' ಹಾಕಿದೆ. ಇಲ್ಲ. ಆಮೇಲೆ ಹೊಳೆಯಿತು, ಮಾತಾಡುವಾಗ ನಾವು ಯೆಡಗೈ ಅಂತಲೇ ಅಲ್ವಾ ಅನ್ನುವುದು! ಮುಂದೆ ಒಂದು 'ವೈ' ಸೇರಿಸಿದೆ. ಬಂತು. ಮಕ್ಕಳಿಗೆಂದು ಬರೆದ ತೆಳ್ಳನೆಯ ವಿಜ್ಞಾನದ ಪುಸ್ತಕ. ವಿಷಯದ ಸಾಲಿನಲ್ಲಿ ಏನಿತ್ತು ಅಂತ ನೋಡಿದೆ. 'ಸೈನ್ಸ್.' ಅಷ್ಟೇ.

ನನಗೆ ಸಿಟ್ಟು ಬಂತು. ವಿಜ್ಞಾನ ಅಂತ ಹುಡುಕಿದರೆ ಸಾವಿರ ಪುಸ್ತಕದಲ್ಲಿ ಇದೊಂದು ಹೇಗೆ ಕಾಣಬೇಕು? ಮೇಡಂಗೆ ತೋರಿಸಿದೆ. ಅವರು ಚಾರ್ಲ್ಸ್ ಕಟರ್ ಅನ್ನುವವರ ನಿಯಮ ಹೇಳಿದರು. ಡ್ಯೂಯಿ ಬಂದ 1876ರಲ್ಲೇ ಕಟರ್ ಕ್ಯಾಟಲಾಗ್ ಮಾಡುವ ನಿಯಮಗಳನ್ನು ಬರೆದಿದ್ದರು. ಬೆಕ್ಕಿನ ಬಗೆಗಿನ ಪುಸ್ತಕವನ್ನು ಬೆಕ್ಕು ಅಂತಲೇ ದಾಖಲಿಸಿ, ಪ್ರಾಣಿಶಾಸ್ತ್ರ ಅಂತಲೋ ಸಾಕುಪ್ರಾಣಿ ಅಂತಲೋ ಹಾಕಬೇಡಿ ಅಂತ ಅದರಲ್ಲಿದೆ.

"ಗೊತ್ತಿದ್ದೂ ಹೀಗೆ ಯಾಕೆ ಮೇಡಂ?"

"ಬಂದ ಪುಸ್ತಕದ ರಾಶಿ ಮುಂದೆ ಇರುತ್ತೆ, ಸಂಜೆಯೊಳಗೆ ಎಂಟ್ರಿ ಮುಗೀಬೇಕು ಅಂತಾರೆ. ತೆರೆದು ನೋಡೋಕೂ ಪುರುಸೊತ್ತಿಲ್ಲದಿದ್ರೆ ಸೈನ್ಸ್ ಅಂತ ಹಾಕಿ ಮುಂದಕ್ಕೆ ಹೋಗ್ತಾರೆ ಸರ್."

ಒಪ್ಪಬೇಕಾದ ಮಾತೇ. ಆದರೂ ಓದುಗರ ಸಮಯ ಉಳಿಸಿ ಅಂತ ನಮ್ಮ ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1931ರಲ್ಲೇ ಲೈಬ್ರರಿಗಳಿಗೆಂದು ಹೇಳಿದ ತಮ್ಮ ಐದು ಸೂತ್ರಗಳಲ್ಲಿ ಒಂದಾಗಿ ಬರೆದಿಟ್ಟರು. ನನ್ನ ಅರ್ಧ ಗಂಟೆ ಒಂದು 'ವೈ' ಅಕ್ಷರಕ್ಕೆ ಹೋಯಿತು. ಮೇಡಂ ಅಲ್ಲೇ ಆ ದಾಖಲೆ ತೆರೆದು, ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ಸೇರಿಸಿ, 650ರಲ್ಲಿ ಸರಿಯಾದ ಸಾಲು ಹಾಕಿದರು. ಹನ್ನೊಂದು ಹನ್ನೆರಡಾಯಿತು.

ಮನೆಗೆ ಬಂದು ಫೋನಿನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಪಟ್ಟಿ ನೋಡಿದೆ. ಅದು ಎಲ್ಲರಿಗೂ ಉಚಿತವಾಗಿ ತೆರೆದಿದೆ. ಅಲ್ಲಿ 'ಲೆಫ್ಟ್ ಹ್ಯಾಂಡೆಡ್‌ನೆಸ್' ಅಂತ ಹಾಕಿದರೆ ಸರಿಯಾದ ಹೆಸರಿಗೆ ನೇರವಾಗಿ ಕರೆದುಕೊಂಡು ಹೋಗುತ್ತದೆ. ಲೈಬ್ರರಿಗೆ ಹೋಗುವ ಮುಂಚೆ ಎರಡು ನಿಮಿಷ ಇದನ್ನು ನೋಡಿದ್ದರೆ ಆಗುತ್ತಿತ್ತು. ಈಗ ಹಾಗೇ ಮಾಡುತ್ತೇನೆ.

ಕನ್ನಡ ಪುಸ್ತಕವನ್ನು ಮಗಳು ಒಂದೇ ಕೂತಲ್ಲಿ ಓದಿ ಮುಗಿಸಿದಳು. ಎಡಗೈಯನ್ನು ಮಿದುಳಿನ ಬಲ ಅರ್ಧ ನಡೆಸುತ್ತದೆ ಅನ್ನುವುದು ಅವಳಿಗೆ ಬಹಳ ಇಷ್ಟವಾಯಿತು. ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಕ್ಕಿಗೂ ಎಡಗೈ ಇರುತ್ತಾ ಅಪ್ಪಾ?" ಅಂದಳು.

ಮುಂದಿನ ಶನಿವಾರ ಅವಳನ್ನೂ ಕರೆದುಕೊಂಡು ಹೋದೆ. 'ಲ್ಯಾಟರಾಲಿಟಿ' ಜೊತೆಗೆ 'ಕ್ಯಾಟ್ಸ್' ಸೇರಿಸಿ ಹುಡುಕಿದೆ. ಸೊನ್ನೆ. ಈ ಸೊನ್ನೆಗೆ ಬೇರೆ ಕಾರಣ. ಒಂದು ವಿಷಯ ಪುಸ್ತಕದ ಕನಿಷ್ಠ ಶೇ. 20ರಷ್ಟನ್ನಾದರೂ ಆಕ್ರಮಿಸಿದ್ದರೆ ಮಾತ್ರ ಅದಕ್ಕೊಂದು ವಿಷಯದ ಸಾಲು ಕೊಡಿ ಅನ್ನುವುದು ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಕ್ಯಾಟಲಾಗರ್‌ಗಳಿಗೆ ಹೇಳಿರುವ ಮಾತು. ಬೆಕ್ಕಿನ ಎಡಗೈಗೆ ಅಷ್ಟು ಪುಟ ಯಾರು ಕೊಡುತ್ತಾರೆ? ಎಲ್ಲೋ ಒಂದು ಅಧ್ಯಾಯದ ಒಳಗೆ ಇದ್ದರೆ ಇರಬೇಕು, ಕ್ಯಾಟಲಾಗಿಗೆ ಅದು ಕಾಣುವುದಿಲ್ಲ.

ಒಂದು ಮೆಟ್ಟಿಲು ಮೇಲೆ ಹತ್ತಿದೆ. 'ಕ್ಯಾಟ್ಸ್', ಎರಡು ಅಡ್ಡಗೆರೆ, 'ಬಿಹೇವಿಯರ್'. ಮೂರು ಪುಸ್ತಕ ಬಂದವು. 636.8ರ ಕಪಾಟಿನ ಮುಂದೆ ನೆಲದ ಮೇಲೇ ಕೂತು ಮೂರನ್ನೂ ಹಿಂದಿನಿಂದ ತೆರೆದೆವು, ಕೊನೆಯ ಪುಟಗಳ ಪದಸೂಚಿಯಲ್ಲಿ. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದಕ್ಕೆ ಪದಸೂಚಿಯೇ ಇಲ್ಲ, ಅಂಥ ಪುಸ್ತಕ ಬರೆಯುವವರಿಗೆ ಏನನ್ನಬೇಕೋ. ಮೂರನೆಯದನ್ನು ಮಗಳು ಹಿಡಿದಿದ್ದಳು. ಎಡಗೈ ಬೆರಳಿನಿಂದ 'ಪಿ' ಅಕ್ಷರದ ಸಾಲುಗಳನ್ನು ಒಂದೊಂದೇ ಇಳಿಯುತ್ತಾ ಬಂದು ನಿಂತಳು.

"ಪಾ ಪ್ರಿಫರೆನ್ಸ್," ಅಂತ ಓದಿದಳು. ಯಾವ ಪಂಜದ ಮೇಲೆ ಒಲವು ಅನ್ನುವುದು. "ಎರಡು ಪುಟ ಇದೆ."